ರೇಡಿಯೋ ಕೂರುವ ಸೀಟು

ಬಾಗಿಲ ಪಕ್ಕದ ಕೋಣೆ,
ಬುಧವಾರ, ಹದಿಮೂರನೇ ತಾರೀಕು, ಮಧ್ಯಾಹ್ನ

ಪ್ರೀತಿಯ ಅಮ್ಮಾ,

ನಿನ್ನ ಮಂಡಿ ಹೇಗಿದೆ? ಅಕ್ಕನ ಮನೆಯ ಮೂರು ಮಹಡಿ ಮೆಟ್ಟಿಲನ್ನು ದಿನಕ್ಕೆ ಎಷ್ಟು ಸಲ ಹತ್ತಿ ಇಳಿಯುತ್ತೀಯೋ ಎಂದು ನೆನೆದರೆ ನನ್ನ ಕಾಲೇ ನೋಯುತ್ತದೆ. ಎಣ್ಣೆ ಹಚ್ಚಿಕೊಳ್ಳುವುದನ್ನು ಮರೆಯಬೇಡ. ಅಕ್ಕ ಸರಿಯಾಗಿ ಊಟ ಮಾಡುತ್ತಿದ್ದಾಳೆಯೇ? ಮಗು ರಾತ್ರಿ ಮಲಗುತ್ತದೆಯೇ? ಭಾವ ಕಳಿಸಿದ ಫೋಟೋವನ್ನು ಅಪ್ಪ ಅಂಗಡಿಗೆ ಬಂದವರಿಗೆಲ್ಲ ತೋರಿಸುತ್ತಾರೆ. ರಿಪೇರಿಯಾದ ಗಡಿಯಾರ ಕೈಗೆ ಸಿಗಬೇಕಾದರೆ ಮೊದಲು ಮಗುವಿನ ಕಿವಿ ನೋಡಿ ಥೇಟ್ ಅಜ್ಜನದೇ ಅನ್ನಬೇಕು. ಮೂರು ವಾರದ ಮಗುವಿನ ಕಿವಿ ಯಾರದಾದರೂ ಆಗಬಹುದು, ಆದರೆ ಆ ಮಾತನ್ನು ನಾನು ಅವರ ಮುಂದೆ ಆಡಿಲ್ಲ.

ಇಲ್ಲಿ ನಾವು ಚೆನ್ನಾಗಿದ್ದೇವೆ. ಅಪ್ಪ ಎರಡು ಸಲ ಹಾಲು ಉಕ್ಕಿಸಿ, ಒಂದು ಸಲ ಅನ್ನ ತಳ ಹಿಡಿಸಿ, ತಪ್ಪೆಲ್ಲ ಒಲೆಯದು ಎಂದರು. ಹೊಲಿಗೆ ಅಂಗಡಿಯಲ್ಲಿ ಶಾಲೆಯ ಯೂನಿಫಾರಂ ಕೆಲಸ ಮುಗಿಯಿತು. ಗುಂಡಿ ಹಾಕಿ ಹಾಕಿ ನನ್ನ ಹೆಬ್ಬೆರಳು ಜರಡಿಯಾಗಿದೆ. ನಮ್ಮ ಟೈಲರ್ ಮಾಸ್ಟರು ನಾಳೆ ಬೆಳಗಿನ ಬಸ್ಸಿಗೆ ನಿಮ್ಮ ಕಡೆ ಬಟ್ಟೆ ತರಲು ಬರುತ್ತಾರೆ. ಈ ಕಾಗದವನ್ನು ಅವರ ಕೈಯಲ್ಲೇ ಕಳಿಸುತ್ತಿದ್ದೇನೆ. ಫೋನಿದ್ದರೂ ಕಾಗದ ಯಾಕೆ ಎಂದು ಕೇಳುತ್ತೀಯ. ಫೋನು ಅಪ್ಪನ ಜೇಬಿನಲ್ಲಿರುತ್ತದೆ, ಮಾತಾಡುವಾಗ ಅವರು ಅದನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಡುತ್ತಾರೆ. ಇದು ಅವರ ಎದುರಿಗೆ ಹೇಳುವ ಮಾತಲ್ಲ. ಅಕ್ಕನಿಗೂ ಓದಲು ಕೊಡಬೇಡ, ಹಾಲೂಡಿಸುವವಳು ಹೆದರಬಾರದು. ನೀನೊಬ್ಬಳೇ ಓದು.

ನಮ್ಮ ಗಾಡಿಯ ಮಾತು ಅಮ್ಮಾ. ಶನಿವಾರ ಬೆಳಗ್ಗೆ ಐದಕ್ಕೆ ಹೊರಟು ನಿಮ್ಮನ್ನೆಲ್ಲ ಕರೆತರಲು ಅಪ್ಪ ತಯಾರಾಗಿದ್ದಾರೆ. ಹಿಂದಿನ ಸೀಟಿಗೆ ಹೊಸ ಕವರು ಹಾಕಿಸಿದ್ದಾರೆ. ಮಗುವಿನ ಮುಖಕ್ಕೆ ಬಿಸಿಲು ಬೀಳದಿರಲಿ ಎಂದು ನನ್ನ ಕೈಯಲ್ಲೇ ಕಿಟಕಿಗೆ ಪುಟ್ಟ ಪರದೆ ಹೊಲಿಸಿದರು. ನಾನು ಹೊಲಿದೆ. ಅಂಚಿಗೆ ಎರಡು ಸುತ್ತು ಹೊಲಿಗೆ ಹಾಕುತ್ತ, ಈ ಪರದೆ ಎಂದೂ ಆ ಕಿಟಕಿಗೆ ಏರದಿರಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಬೀದಿಯವರಿಗೆಲ್ಲ ಅಪ್ಪ ಹೇಳಿಯಾಗಿದೆ, "ನನ್ನ ಮೊಮ್ಮಗಳು ಮೊದಲ್ನೇ ಸಲ ಮನೆಗೆ ಬರೋದು ನಮ್ಮ ಗಾಡೀಲೇ. ಬಸ್ಸಲ್ಲಿ ಬರೋಕೆ ಅವಳೇನು ಪಾರ್ಸಲ್ಲಾ?" ಎಂದು.

ಸೋಮವಾರ ಏನಾಯಿತೆಂದರೆ, ಹೊಲಿದ ಯೂನಿಫಾರಂಗಳನ್ನು ಶಾಲೆಗೆ ತಲುಪಿಸಬೇಕಿತ್ತು. ಗಂಟು ಭಾರ, ಅದಕ್ಕೆ ಅಪ್ಪ ನಾನೇ ಬಿಡುತ್ತೇನೆ ಬಾ ಎಂದರು. ಗಂಟುಗಳನ್ನೆಲ್ಲ ಹಿಂದಿನ ಸೀಟಿಗೆ ಹಾಕಿ ನಾನು ಮುಂದೆ, ಅಪ್ಪನ ಎಡಗಡೆ, ನಿನ್ನ ಜಾಗದಲ್ಲಿ ಕೂತೆ. ಹದಿನೈದು ವರ್ಷದಿಂದ ಆ ಸೀಟಿನಲ್ಲಿ ನಿನ್ನನ್ನು ಬಿಟ್ಟು ಬೇರೆಯವರು ಕೂತದ್ದು ನನಗೆ ನೆನಪಿಲ್ಲ. ನೀನು ಕೂತರೆ ಗಾಡಿಯೊಳಗೆ ಸದ್ದೇ ಸದ್ದು. "ಸೈಕಲ್ ಬಂತು ನೋಡ್ರಿ, ಹಾಲಿನ ಗಾಡಿ ಸುಮ್ನೆ ನಿಂತಿದೆ, ಅಜ್ಜಿ ದಾಟ್ತಾ ಇದೆ ತಡೀರಿ, ಹಾಂ ಈಗ ಯಾರಿಲ್ಲ ಹೋಗಿ." ಅಕ್ಕ ಮತ್ತು ನಾನು ಹಿಂದೆ ಕೂತು ಮುಸಿಮುಸಿ ನಗುತ್ತಿದ್ದೆವು. ಅಪ್ಪ ನಿನಗೆ ರೇಡಿಯೋ ಎಂದು ಹೆಸರಿಟ್ಟದ್ದೇ ಆ ಸೀಟಿನಲ್ಲಿ, ಸದ್ದು ಮಾಡದ ನನಗೆ ಇರುವೆ ಎಂದು ಹೆಸರಿಟ್ಟದ್ದು ಹಿಂದಿನ ಸೀಟಿನಲ್ಲಿ. "ಈ ಗಾಡಿ ಓಡೋದು ಪೆಟ್ರೋಲಲ್ಲಿ ಅಲ್ಲ, ನಿಮ್ಮಮ್ಮನ ಬಾಯಲ್ಲಿ" ಎನ್ನುತ್ತಿದ್ದರು. ನೀನು ಸುಮ್ಮನಿದ್ದರೆ ರಸ್ತೆ ಖಾಲಿ ಎಂದು ಅರ್ಥ. ಅದು ನಮ್ಮ ಮನೆಯ ಲೆಕ್ಕ. ಆ ಲೆಕ್ಕ ಎಷ್ಟು ನಿಜವಾದದ್ದು ಎಂದು ನನಗೆ ಮೊನ್ನೆಯವರೆಗೂ ತಿಳಿದಿರಲಿಲ್ಲ.

ಶಾಲೆಯ ಮೂಲೆಯಲ್ಲಿ ಎಡಕ್ಕೆ ತಿರುಗಬೇಕು. ಅಪ್ಪ ಇಂಡಿಕೇಟರ್ ಹಾಕಿದರು, ವೇಗ ಇಳಿಸಿದರು. ನನ್ನ ಕಿಟಕಿಯ ಪಕ್ಕದಲ್ಲಿ ಸೈಕಲಿನ ಮೇಲೆ ಒಬ್ಬ ಹುಡುಗಿ ಬರುತ್ತಿದ್ದಳು. ಹತ್ತು ವರ್ಷ ಇರಬಹುದು, ಎರಡು ಜಡೆ, ಬೆನ್ನಿಗೆ ನೀಲಿ ಚೀಲ. ನಾನು ಅವಳನ್ನು ಚೆನ್ನಾಗಿ ನೋಡಿದೆ ಅಮ್ಮಾ. ಅವಳ ತೋಳಿನ ಹೊಲಿಗೆ ಬಿಟ್ಟಿದ್ದೂ ನನಗೆ ಕಂಡಿತು. ಅಪ್ಪನಿಗೆ ಕಂಡಿರುತ್ತಾಳೆ ಎಂದುಕೊಂಡೆ. ಇಪ್ಪತ್ತೈದು ವರ್ಷ ಗಾಡಿ ಓಡಿಸಿದವರಿಗೆ ನಾನು ಹೇಳುವುದೇನು ಎಂದು ತುಟಿ ಪಿಟಕ್ಕೆನ್ನದೆ ಕೂತೆ. ನನ್ನ ಸ್ವಭಾವ ನಿನಗೆ ಗೊತ್ತು, ಮನೆಗೆ ಬೆಂಕಿ ಬಿದ್ದರೂ ಯಾರಿಗಾದರೂ ತೊಂದರೆಯಾದೀತು ಎಂದು ಮೆಲ್ಲಗೆ ಹೇಳುವವಳು. ಅಪ್ಪ ಸ್ಟೀರಿಂಗ್ ತಿರುಗಿಸಿದರು. ಟಣ್ ಎಂದು ಒಂದು ಸದ್ದು, ಆಮೇಲೆ ಆ ಹುಡುಗಿ ಕಿಟಕಿಯಲ್ಲಿ ಇರಲಿಲ್ಲ.

ಏನೂ ಆಗಲಿಲ್ಲ, ಗಾಬರಿಯಾಗಬೇಡ. ಮಂಡಿ ತರಚಿತ್ತು, ಸೈಕಲಿನ ಮುಂದಿನ ಚಕ್ರ ಸೊಟ್ಟಗಾಗಿತ್ತು, ಅಷ್ಟೇ. ಅವಳು ಚರಂಡಿಯ ಕಡೆಗೆ ಬಿದ್ದಿದ್ದಳು, ಅದಕ್ಕೇ ಉಳಿದಳು. ಗಾಡಿಯ ಕಡೆಗೆ ಬಿದ್ದಿದ್ದರೆ ಎಂಬುದನ್ನು ನಾನು ಇಲ್ಲಿ ಬರೆಯುವುದಿಲ್ಲ. ಅಪ್ಪ ಇಳಿದು ಓಡಿ ಅವಳನ್ನು ಎತ್ತಿ, ತಮ್ಮ ಕರವಸ್ತ್ರ ಕಟ್ಟಿ, ಶಾಲೆಯ ಒಳಗೆ ಕರೆದುಕೊಂಡು ಹೋಗಿ ಟೀಚರಿಗೆ ಒಪ್ಪಿಸಿ, ಚಕ್ರ ನಾನೇ ಸರಿಮಾಡಿಸಿ ಕೊಡುತ್ತೇನೆ ಎಂದು ಹೇಳಿ ಬಂದರು. ಮರುದಿನ ಸರಿಮಾಡಿಸಿಯೂ ಕೊಟ್ಟರು. ಅವತ್ತು ಶಾಲೆಯಿಂದ ಬಂದು ಗಾಡಿಯೊಳಗೆ ಕೂತು, ಕೀಲಿ ತಿರುಗಿಸದೆ, ಎರಡೂ ಕೈ ಸ್ಟೀರಿಂಗಿನ ಮೇಲಿಟ್ಟುಕೊಂಡು ನನ್ನನ್ನು ಕೇಳಿದರು, "ಯಾಕೇ ಹೇಳ್ಲಿಲ್ಲ?"

ಬೈದದ್ದಲ್ಲ ಅಮ್ಮಾ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ದಾರಿ ತಪ್ಪಿದವರು ದಾರಿ ಕೇಳುವ ಹಾಗೆ ಕೇಳಿದರು. ಆಮೇಲೆ ಮನೆ ಮುಟ್ಟುವವರೆಗೂ ನಾನು ಕಂಡಕಂಡದ್ದನ್ನೆಲ್ಲ ಹೇಳುತ್ತ ಬಂದೆ. ನಾಯಿ, ಆಟೋ, ಕಂಬ, ಗೋಡೆ. ಗೋಡೆ ಎಲ್ಲಿಗೂ ಹೋಗುವುದಿಲ್ಲ ಎಂದು ನೆನಪಾದದ್ದು ಹೇಳಿದ ಮೇಲೆ.

ಅವತ್ತಿನಿಂದ ನನ್ನ ಕಣ್ಣು ಅಪ್ಪನ ಎಡಗಡೆಯೇ ಇದೆ. ಗೇಟಿನ ಎಡಗಂಬದಲ್ಲಿ ನಮ್ಮ ಗಾಡಿಯ ಬಿಳಿ ಬಣ್ಣ ಮೂರು ಗೆರೆಯಾಗಿ ಅಂಟಿದೆ, ಅಪ್ಪ ಕಂಬವೇ ವಾಲಿದೆ ಎನ್ನುತ್ತಾರೆ. ಗಾಡಿಯ ಎಡಗನ್ನಡಿಯನ್ನು ಮಡಚಿಯೇ ಇಟ್ಟಿದ್ದಾರೆ. ಬೀದಿ ಇಕ್ಕಟ್ಟು, ಯಾರಾದರೂ ತಾಗಿಸುತ್ತಾರೆ ಎಂದು ಎಷ್ಟೋ ಕಾಲದಿಂದ ಹೇಳುತ್ತಿದ್ದರಲ್ಲ. ನಿನ್ನೆ ಹೋಗಿ ನೋಡಿದೆ. ಕನ್ನಡಿಗೂ ಬಾಗಿಲಿಗೂ ನಡುವೆ ಜೇಡ ಬಲೆ ಕಟ್ಟಿದೆ. ಹಳೆಯ ಬಲೆ, ಧೂಳು ಹಿಡಿದಿದೆ. ಪ್ರತಿ ಭಾನುವಾರ ಟೈರಿನ ಸಂದಿಯ ಕಲ್ಲನ್ನೂ ಕಡ್ಡಿಯಿಂದ ಕೀಳುವ ಅಪ್ಪನಿಗೆ ಆ ಬಲೆ ಕಂಡಿಲ್ಲ.

ನಿನ್ನೆ ಬೆಳಗ್ಗೆ ಅವರು ಟೀ ಕುಡಿಯುತ್ತ ಕೂತಾಗ ಎಡಗಡೆ ಕುರ್ಚಿ ಹಾಕಿಕೊಂಡು ಕೂತೆ. ಕೈಯಲ್ಲಿ ಕೆಂಪು ದಾರದ ಉಂಡೆ ಹಿಡಿದು ಅವರ ಕಿವಿಯ ನೇರದಿಂದ ಮೆಲ್ಲಗೆ ಮುಂದಕ್ಕೆ ತಂದೆ. ಕೆನ್ನೆಯ ನೇರಕ್ಕೆ ಬಂತು, ಅವರು ಟೀ ಕುಡಿಯುತ್ತಲೇ ಇದ್ದರು. ಕಣ್ಣಿನ ನೇರಕ್ಕೆ ಬಂತು, ಅಕ್ಕನ ಮನೆಯ ದಾರಿಯಲ್ಲಿ ಎಲ್ಲಿ ಗಾಡಿ ನಿಲ್ಲಿಸಿ ನಿಮಗೆ ಟೀ ಕುಡಿಸಬೇಕು ಎಂದು ಹೇಳುತ್ತಿದ್ದರು. ಮೂಗಿನ ಮುಂದೆ ಬಂದಾಗ ಬೆಚ್ಚಿ, "ಏನೇ ಅದು, ದಾರಾನಾ?" ಎಂದರು. ನಾನು ಹೌದು ಎಂದೆ. ಒಳಗೆ ಹೋಗಿ ನಲ್ಲಿ ಬಿಟ್ಟುಕೊಂಡು, ಆ ಸದ್ದಿನಲ್ಲಿ ಅತ್ತೆ.

ಮೂವತ್ತು ವರ್ಷ ಬಲಗಣ್ಣಿಗೆ ಭೂತಗನ್ನಡಿ ಸಿಕ್ಕಿಸಿ, ಎಡಗಣ್ಣು ಮುಚ್ಚಿ ಗಡಿಯಾರ ರಿಪೇರಿ ಮಾಡಿದವರು. ಮುಚ್ಚಿದ್ದ ಕಣ್ಣು ಯಾವತ್ತಿನಿಂದ ತೆರೆದರೂ ಕಾಣದಾಯಿತು ಎಂದು ಯಾರಿಗೆ ತಿಳಿಯುತ್ತದೆ? ಅಂಗಡಿಗೆ ಒಂದು ಕಣ್ಣು ಸಾಕು. ಹೆದ್ದಾರಿಗೆ ಸಾಕೇ ಅಮ್ಮಾ? ಆರು ಗಂಟೆಯ ದಾರಿ. ಸೋಮವಾರದ ಮೇಲೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಳ್ಳುವ ಮಾತೇ ಇಲ್ಲ, ಸಾಮಾನಿಗೆ ಜಾಗ ಬೇಕು ನೀನು ಮನೆ ನೋಡಿಕೋ ಎಂದಿದ್ದಾರೆ. ಹೋಗುವಾಗ ಎಡಗಡೆಯ ಸೀಟು ಖಾಲಿ. ಬರುವಾಗ ನೀನು ಇರುತ್ತೀಯ, ನಿಜ. ಆದರೆ ಹಿಂದಿನ ಸೀಟಿನಲ್ಲಿ ಮಗು ಅತ್ತರೆ? ಮೊಮ್ಮಗಳು ಅಳುವಾಗ ಯಾವ ಅಜ್ಜಿ ರಸ್ತೆ ನೋಡುತ್ತಾಳೆ? ನೀನು ಹಿಂದಕ್ಕೆ ತಿರುಗಿ ಮಗುವಿನ ಜೊತೆ ಎರಡು ಮಾತಾಡುವಷ್ಟು ಹೊತ್ತು ಅಪ್ಪ ರಸ್ತೆ ಖಾಲಿ ಎಂದುಕೊಂಡಿರುತ್ತಾರೆ.

ಹೇಳಬೇಕೆಂದು ನಾನು ಹೋಗಲಿಲ್ಲವೆಂದಲ್ಲ. ನಿನ್ನೆ ಸಂಜೆ ಅಂಗಡಿಯವರೆಗೂ ಹೋದೆ. ಗೋಡೆ ತುಂಬ ಗಡಿಯಾರಗಳು ಟಿಕ್ ಟಿಕ್ ಎನ್ನುತ್ತಿದ್ದವು. ಅಪ್ಪ ಭೂತಗನ್ನಡಿ ತೆಗೆದು, "ಏನೇ ಇರುವೆ, ಇಷ್ಟು ದೂರ?" ಎಂದರು. ಬಿಸಿ ತುಪ್ಪ ಬಾಯಲ್ಲಿ ಇಟ್ಟುಕೊಂಡ ಹಾಗಾಯಿತು, ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ. ಬಾಯಿಂದ ಬಂದದ್ದು ಒಂದೇ ಮಾತು, "ಗಂಟೆ ಎಷ್ಟು ಅಪ್ಪಾ?" ಅಪ್ಪ ಬಿದ್ದು ಬಿದ್ದು ನಕ್ಕರು. "ಇಲ್ಲಿ ನಲವತ್ತು ಇವೆ, ನಿಂಗೆ ಯಾವುದು ಇಷ್ಟಾನೋ ಅದನ್ನ ನಂಬ್ಕೋ" ಎಂದರು. ನಗುವ ಅಪ್ಪನಿಗೆ ಹೇಗೆ ಹೇಳಲಿ? ಆ ಗಾಡಿ ಅವರಿಗೆ ಬರೀ ಗಾಡಿಯಲ್ಲ. ಅಕ್ಕನಿಗೆ ನೋವು ಶುರುವಾದ ಸುದ್ದಿ ಬಂದಾಗ ನಿನ್ನನ್ನು ಬಸ್ ಸ್ಟ್ಯಾಂಡಿಗೆ ಏಳು ನಿಮಿಷದಲ್ಲಿ ಮುಟ್ಟಿಸಿದ್ದನ್ನು ಇನ್ನೂ ಹೇಳಿಕೊಳ್ಳುತ್ತಾರೆ. ಆ ಏಳು ನಿಮಿಷವೂ ನೀನು ಬಾಯಿ ಮುಚ್ಚಿರಲಿಲ್ಲ ಎಂದು ನನಗೆ ಈಗ ನೆನಪಾಗುತ್ತಿದೆ.

ಬಸ್ಸು ಹತ್ತುವ ಮುಂಚೆ ನೀನು ನನ್ನ ಗಲ್ಲ ಹಿಡಿದು ಹೇಳಿದೆಯಲ್ಲ, "ಗಾಡೀಲಿ ಕೂತಾಗಾದ್ರೂ ಬಾಯಿ ಬಿಡು ಇರುವೆ, ಕಂಡಿದ್ದೆಲ್ಲ ಹೇಳ್ತಾ ಇರು" ಎಂದು. ನನ್ನ ನಾಚಿಕೆಯನ್ನು ಆಡಿಕೊಳ್ಳುತ್ತಿದ್ದೀಯ ಎಂದುಕೊಂಡು ತಲೆ ತಗ್ಗಿಸಿದ್ದೆ. ಈಗ ಬೇರೆಯವೂ ನೆನಪಾಗುತ್ತಿವೆ. ಭಾವ ಬಂದಾಗಲೂ ಹಿಂದೆ ಕೂತರೆ ವಾಂತಿ ಬರುತ್ತದೆ ಎಂದು ನೀನೇ ಮುಂದೆ ಕೂರುತ್ತಿದ್ದೆ, ಬಸ್ಸಿನಲ್ಲಿ ಮಾತ್ರ ಕೊನೆಯ ಸೀಟಿನಲ್ಲೂ ಆರಾಮಾಗಿ ನಿದ್ದೆ ಮಾಡುತ್ತೀಯ. ಎರಡು ವರ್ಷದ ಹಿಂದೆ ಅಪ್ಪನಿಗೆ ಕನ್ನಡಕ ಮಾಡಿಸಲು ಇಬ್ಬರೂ ಕಣ್ಣಿನ ಡಾಕ್ಟರ ಹತ್ತಿರ ಹೋದಿರಿ, ಕನ್ನಡಕ ಇಲ್ಲದೆ ಬಂದಿರಿ. ಅವತ್ತು ಸಂಜೆಯೆಲ್ಲ ರೇಡಿಯೋ ಆಫ್ ಆಗಿತ್ತು. ನಿನ್ನ ಮೇಲೆ ಕೋಪವಿಲ್ಲ. ನನಗೆ ಹೇಳಿದ್ದರೆ ಆ ಹುಡುಗಿ ಬೀಳುತ್ತಿರಲಿಲ್ಲ ಎಂಬುದನ್ನು ಮಾತ್ರ ಬರೆಯದೆ ಇರಲಾರೆ. ನೀನು ಹೇಳಲಿಲ್ಲ, ಸೋಮವಾರ ನಾನೂ ಹೇಳಲಿಲ್ಲ. ತಪ್ಪಿನಲ್ಲಿ ನಾವಿಬ್ಬರೂ ಸಮ.

ಅದಕ್ಕೆ ಕೇಳಿಕೊಳ್ಳುತ್ತೇನೆ. ಕಾಗದ ಮುಟ್ಟಿದ ಕೂಡಲೇ ಫೋನ್ ಮಾಡಿ, ಗಾಡಿ ಬೇಡ ನಾವು ಬಸ್ಸಿನಲ್ಲಿ ಬರುತ್ತೇವೆ ಎಂದು ಅಪ್ಪನಿಗೆ ಹೇಳು. ಕಾರಣ ಏನಾದರೂ ಹುಡುಕು, ಇಲ್ಲದಿದ್ದರೆ ನಿಜವನ್ನೇ ಹೇಳು. ನಿನ್ನ ಮಾತಾದರೆ ಅವರು ಕೇಳುತ್ತಾರೆ, ಕೇಳಿ ಅಭ್ಯಾಸವಿದೆ.

ಅಕ್ಕನಿಗೆ, ಭಾವನಿಗೆ ನನ್ನ ನಮಸ್ಕಾರ. ಮಗುವಿನ ಎರಡೂ ಕಿವಿಗೆ ಒಂದೊಂದು ಮುತ್ತು. ಹುಷಾರಾಗಿರು.

ನಿನ್ನ ಮಗಳು,
ಇರುವೆ

ಮರೆತ ಮಾತು: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದೆ. ಟೈರಿಗೆ ಗಾಳಿ ತುಂಬಿಸಬೇಕೆಂದು ಅಪ್ಪ ಅಂಗಡಿಯಿಂದ ಬೇಗ ಬಂದುಬಿಟ್ಟರು. ಈಗ ಹೊರಗೆ ಗಾಡಿಯ ಕೀಲಿ ಹುಡುಕುತ್ತಿದ್ದಾರೆ. ಬಾಗಿಲ ಪಕ್ಕದ ಮೊಳೆ, ಅಂಗಿಯ ಜೇಬು, ಮೇಜಿನ ಕೆಳಗೆ, ಮತ್ತೆ ಮೊಳೆ. "ಇರುವೇ, ಕೀಲಿ ಕಂಡ್ಯೇನೇ?" ಎಂದು ಕೂಗಿದರು. "ಇಲ್ಲ ಅಪ್ಪಾ" ಎಂದೆ. ಅಷ್ಟು ಗಟ್ಟಿಯಾಗಿ ನಾನು ಈ ಮನೆಯಲ್ಲಿ ಎಂದೂ ಮಾತಾಡಿಲ್ಲ. ಲಕೋಟೆಯಲ್ಲಿ ಗಡುಸಾಗಿ ಕೈಗೆ ತಾಗುತ್ತಿರುವುದು ಅದೇ, ಸದ್ದಾಗದಿರಲಿ ಎಂದು ಪರದೆಯ ಬಟ್ಟೆಯಲ್ಲಿ ಸುತ್ತಿ ಹೊಲಿದಿದ್ದೇನೆ. ಇನ್ನೊಂದು ಕೀಲಿ ನಿನ್ನ ಕೈಚೀಲದಲ್ಲೇ ಇರುತ್ತದೆ, ನನಗೆ ಗೊತ್ತು. ಈಗ ಎರಡೂ ನಿನ್ನ ಹತ್ತಿರ. ಒಂದನ್ನೂ ವಾಪಸು ಕೊಡಬೇಡ ಅಮ್ಮಾ. ಅಪ್ಪನಿಗೆ ದಾರಿಯಲ್ಲಿ ಕಂಡದ್ದನ್ನೆಲ್ಲ ಹೇಳಿದವಳು ನೀನು, ಇದನ್ನೂ ನೀನೇ ಹೇಳು.