ಅತ್ತೆಯ ಕೊನೆಯ ಅಧ್ಯಾಯ

ಫೆಬ್ರವರಿ 3, ಶನಿವಾರ. ಬೆಳಿಗ್ಗೆ 10

ಏಳನೆಯ ಸಲ. ಮತ್ತೆ ಅದೇ ಗತಿ. ಅಕ್ಷರಗಳು ಒಂದರ ಕೈ ಒಂದು ಬಿಟ್ಟು ಬಿಡಿಬಿಡಿಯಾಗಿ ನಿಂತಿವೆ. ಅದೂ ಎಡದಿಂದ ಬಲಕ್ಕೆ. ಟೈಪ್ ಮಾಡಿದ ಫೈಲಿನಲ್ಲಿ ಅರಬ್ಬಿ ಅರಬ್ಬಿಯಾಗಿಯೇ ಇರುತ್ತದೆ. ಇ-ಪುಸ್ತಕ ಮಾಡುವ ಸಾಫ್ಟ್‌ವೇರಿನ ಬಾಯಿಗೆ ಹಾಕಿದರೆ ಸಾಕು, ಜಗಿದು ಉಗುಳುತ್ತದೆ.

ಶುಕ್ರೀ ಚಹಾ ತಂದಿಟ್ಟು ಇಣುಕಿ ನೋಡಿದ. ಗಂಡನಾದವನು ಸುಮ್ಮನಿರಬೇಕು ತಾನೆ. ಇರಲಿಲ್ಲ.

"ಇಪ್ಪತ್ತಾರು ವರ್ಷ ಸ್ಕೂಲಲ್ಲಿ ಮಕ್ಕಳಿಗೆ ಕಪ್ಪೆ ಕೊಯ್ಯೋದು ಕಲಿಸಿದೀಯ. ಇದನ್ನೂ ಕೊಯ್ದು ನೋಡು, ದಲೆಂದಾ."

ಹಾಸ್ಯ ಅವನಿಗೆ. ನನಗೆ ಮೂರು ವರ್ಷದ ಬರವಣಿಗೆ. ಟ್ಯೂನಿಸಿನ ಒಬ್ಬ ಪ್ರಕಾಶಕ ಹದಿನಾಲ್ಕು ತಿಂಗಳು ಕಾಯಿಸಿ ಉತ್ತರವನ್ನೇ ಕೊಡಲಿಲ್ಲ. ಇನ್ನೊಬ್ಬ, "ದ್ವೀಪದ ಮುದುಕಿ ಕಥೆ ಯಾರು ಓದ್ತಾರೆ ಮೇಡಂ" ಎಂದ. ಆಗಲಿ, ನಾನೇ ಹೊರತರುತ್ತೇನೆ ಎಂದು ಕೂತೆ. ಹೆಮ್ಮೆಯಿಂದ ಕೂತೆ. ಈಗ ಕುತ್ತಿಗೆ ನೋವು.

ಫೆಬ್ರವರಿ 6. ಸ್ಟಾಫ್ ರೂಮ್, ಮೂರನೆಯ ಪೀರಿಯಡ್

ಅಂಗಡಿಯವರ ಉತ್ತರ ಬಂತು. ಅಂಗಡಿ ಎಂದರೆ ಎಲ್ಲೋ ಇರುವ, ಇ-ಪುಸ್ತಕ ಮಾರುವ ಒಂದು ವೆಬ್‌ಸೈಟು. "ನಿಮ್ಮ ಫೈಲ್ ನಮ್ಮ ಮಾನದಂಡಕ್ಕೆ ಹೊಂದುವುದಿಲ್ಲ. ಪಠ್ಯವನ್ನು ಚಿತ್ರವಾಗಿ ಹಾಕಿ ಪ್ರಯತ್ನಿಸಿ. ನಿಮ್ಮ ದಿನ ಶುಭವಾಗಲಿ."

ಚಿತ್ರವಾಗಿ ಹಾಕಿದರೆ ಮೊಬೈಲು ಅದನ್ನು ಗಟ್ಟಿಯಾಗಿ ಓದುವುದಿಲ್ಲ. ಓದದಿದ್ದರೆ ಈ ಕಸರತ್ತು ಯಾತಕ್ಕೆ? ಹಲ್ಲೂಮಾ ಅತ್ತೆಗೆ ಎಂಬತ್ತೊಂದು. ಅಪ್ಪನ ಅಕ್ಕ. ಒಂದಕ್ಷರ ಬಾರದು. ಪುಸ್ತಕ ಪೂರ್ತಿ ಅವಳ ಬದುಕು, ಅವಳ ಬಾಯಲ್ಲೇ ಬರೆದಿದ್ದೇನೆ, 'ನಾನು, ನಾನು' ಎಂದು. ಅವಳಿಗೆ ಕೇಳಿಸಬೇಕು. ಅಷ್ಟೇ ಆಸೆ.

ಶುಭ ದಿನವಂತೆ.

ಫೆಬ್ರವರಿ 11, ಭಾನುವಾರ. ಕೆರ್ಕೆನ್ನಾ

ಗಾಳಿ. ನಮ್ಮ ಸ್ಫಾಕ್ಸಿನಿಂದ ಅತ್ತೆಯ ಈ ದ್ವೀಪಕ್ಕೆ ಹಡಗು ಹೊರಟಿದ್ದೇ ಎರಡು ಗಂಟೆ ತಡವಾಗಿ. ಅತ್ತೆ ಅಂಗಳದ ಹಗ್ಗದ ಮೇಲೆ ಆಕ್ಟೋಪಸ್ ಒಣಗಲು ಹಾಕುತ್ತಿದ್ದಳು.

"ಎಲ್ಲೇ ನನ್ನ ಪುಸ್ತಕ?"

"ಆಗ್ತಾ ಇದೆ ಅತ್ತೆ. ಕಂಪ್ಯೂಟರು ಅಕ್ಷರಾನ ತಿರುಗಾಮುರುಗಾ ಮಾಡ್ತಿದೆ."

"ಅದಕ್ಕೂ ಓದೋಕೆ ಬರಲ್ವಾ? ಹಾಗಾದ್ರೆ ನಾವಿಬ್ಬರೂ ಒಂದೇ ಕ್ಲಾಸು."

ನಕ್ಕಳು. ನನಗೆ ನಗು ಬರಲಿಲ್ಲ. ಕೈ ಜೋಡಿಸಿ ಒಂದಿಷ್ಟು ಹಾಕಿಕೊಟ್ಟೆ. ಈಗಲೂ ಬೇರೆಯವರ ಆಕ್ಟೋಪಸ್ಸೇ ಅವಳ ಹಗ್ಗದ ಮೇಲೆ. ಸಮುದ್ರದಲ್ಲಿ ಖರ್ಜೂರದ ಗರಿಯ ಬೇಲಿ ಕಟ್ಟಿ ಮೀನು ಹಿಡಿಯುವ ಜಾಗದಲ್ಲಿ ಒಂದು ಪಾಲು ನಮ್ಮ ಮನೆತನಕ್ಕೂ ಇದೆ. ಅಜ್ಜ ಅದನ್ನು ಇಬ್ಬರು ಮಕ್ಕಳಿಗೂ ಬಿಟ್ಟು ಹೋದ. 1974ರಲ್ಲಿ ಅಪ್ಪ ಪೂರ್ತಿ ತನ್ನ ಹೆಸರಿಗೆ ಮಾಡಿಸಿಕೊಂಡ. ಹೆಂಗಸು ಸಮುದ್ರಕ್ಕೆ ಇಳಿಯುವುದಿಲ್ಲವಲ್ಲ ಎಂದನಂತೆ. ಅಂದಿನಿಂದ ಅವಳು ಊರವರ ಮೀನು ಶುಚಿ ಮಾಡಿ ಬದುಕಿದಳು. ಎಲ್ಲ ಬರೆದಿದ್ದೇನೆ. ಕೊನೆಯ ಅಧ್ಯಾಯದಲ್ಲಿ ಅಪ್ಪನ ಸಾವಿನ ಹಾಸಿಗೆಯ ಪಕ್ಕ ಕೂತು ಅವಳು ಕ್ಷಮಿಸುತ್ತಾಳೆ. ಎಲ್ಲಕ್ಕಿಂತ ಚೆನ್ನಾಗಿ ಬಂದಿರುವ ಅಧ್ಯಾಯ ಅದೇ.

ಫೆಬ್ರವರಿ 14. ಮಧ್ಯಾಹ್ನ

ಕೊಯ್ದೆ. ನಿಜವಾಗಿ. ಇ-ಪುಸ್ತಕದ ಫೈಲ್ ಎನ್ನುವುದು ಒಂದು ಚೀಲ. ಹೆಸರು ಬದಲಾಯಿಸಿ ಬಿಚ್ಚಿದರೆ ಒಳಗೆ ಅಧ್ಯಾಯಕ್ಕೊಂದು ಹಾಳೆ. ಯಾವ ಹಾಳೆಯಲ್ಲೂ 'ಇದು ಬಲದಿಂದ ಎಡಕ್ಕೆ' ಎನ್ನುವ ಸಾಲೇ ಇಲ್ಲ. ಒಂದು ಸಾಲು. ಒಂದು ಸಾಲಿಗಾಗಿ ಆರು ವಾರ. ಮೂವತ್ತೊಂದು ಹಾಳೆಗೂ ಕೈಯಾರೆ ಹಾಕಿದೆ.

ಕೂಡಿದವು… ಅಕ್ಷರಗಳು ಕೂಡಿದವು.

ಆದರೆ ಪೂರ್ಣವಿರಾಮಗಳು ಸಾಲಿನ ತಲೆಗೆ ಹಾರಿವೆ. '1974ರಿಂದ 1978' ಎನ್ನುವುದು '1978ರಿಂದ 1974' ಆಗಿದೆ. ಅತ್ತೆ ಹಿಂದುಹಿಂದಕ್ಕೆ ಬದುಕುತ್ತಿದ್ದಾಳೆ. ಪುಟ ತಿರುಗಿಸಿದರೆ ಮೊದಲು ಬರುವುದು ಕೊನೆಯ ಅಧ್ಯಾಯ. ಮೇಜಿಗೆ ಗುದ್ದಿದೆ. ಶುಕ್ರೀ ಒಳಗಿನಿಂದ, "ಮೇಜು ಏನು ಮಾಡ್ತು ಪಾಪ" ಎಂದ.

ಫೆಬ್ರವರಿ 25, ಭಾನುವಾರ

ಉಳಿದದ್ದನ್ನೂ ಸರಿಪಡಿಸಿ ಕಳಿಸಿದೆ, ಅಂಗಡಿಯವರು ಒಪ್ಪಿದರು. ಪುಸ್ತಕ ಅಂಗಡಿಯಲ್ಲಿದೆ. ಕವರಿನ ಮೇಲೆ ನನ್ನ ಹೆಸರು. ಮೂರು ಸಲ ತೆರೆದು ನೋಡಿದೆ.

ಸಂಜೆ ತಮ್ಮ ಲುತ್ಫೀ ಫೋನ್ ಮಾಡಿದ. ಅಳುತ್ತಿದ್ದ. "ಅಕ್ಕಾ, ಮೊದಲು ಕೊನೇ ಅಧ್ಯಾಯಾನೇ ಓದ್ದೆ. ಅಪ್ಪನ ಆತ್ಮ ತಣ್ಣಗಾಯ್ತು." ಇಷ್ಟು ವರ್ಷದಲ್ಲಿ ಅವನು ಅತ್ತದ್ದು ನಾನು ಕೇಳಿದ್ದೇ ಇಲ್ಲ.

ಮಾರ್ಚ್ 3, ಭಾನುವಾರ. ಕೆರ್ಕೆನ್ನಾ, ಮಧ್ಯಾಹ್ನ 3

ನಿನ್ನೆ ಬೆಳಗಿನ ಹಡಗಿಗೇ ಬಂದೆ. ಅತ್ತೆಯ ಎದುರು ಮೊಬೈಲ್ ಇಟ್ಟು ಶುರು ಮಾಡಿಸಿದೆ. ಗಂಡು ದನಿ. ಶುದ್ಧ ಗ್ರಂಥಭಾಷೆ.

"ಇವನ್ಯಾರೇ? ರೇಡಿಯೋದಲ್ಲಿ ವಾರ್ತೆ ಓದೋನ ಹಾಗಿದಾನೆ. ನಾನು ಹೀಗೆ ಮಾತಾಡ್ತೀನಾ?"

ಅಂದರೂ ಕೇಳಿದಳು. ಬಟಾಣಿ ಬಿಡಿಸುತ್ತ, ಮೀನು ಹೆರೆಯುತ್ತ, ನಿನ್ನೆ ಇಡೀ ದಿನ. ಅಲ್ಲಲ್ಲಿ "ಹೌದು" ಅನ್ನುತ್ತಿದ್ದಳು. ಅವಳ ಮದುವೆಯ ಹತ್ತಿರ, "ಅಯ್ಯೋ, ಇದನ್ನೂ ಹೇಳಿದ್ನಾ ನಿಂಗೆ" ಎಂದು ತಲೆವಸ್ತ್ರದ ಅಂಚಿನಲ್ಲಿ ಬಾಯಿ ಮುಚ್ಚಿಕೊಂಡಳು. ನನಗೆ ಸ್ವರ್ಗ.

ಅರಬ್ಬಿಯಲ್ಲಿ ಹ್ರಸ್ವಸ್ವರಗಳನ್ನು ನಾವು ಬರೆಯುವುದಿಲ್ಲ, ಓದುವವರಿಗೆ ತಿಳಿದೇ ಇರುತ್ತದೆ ಎಂದು. ಯಂತ್ರಕ್ಕೆ ತಿಳಿಯದು, ಊಹಿಸುತ್ತದೆ. ಎಷ್ಟೋ ಕಡೆ ತಪ್ಪಿತು, ನಾನು ಗುರುತು ಹಾಕಿಕೊಳ್ಳುತ್ತ ಕೂತಿದ್ದೆ. ಇವತ್ತು ಮಧ್ಯಾಹ್ನ ಮೂವತ್ತೊಂದನೆಯ ಅಧ್ಯಾಯ. ಕೊನೆಯ ವಾಕ್ಯ ಒಂದೇ ಪದ. ಯಂತ್ರ ಓದಿತು: "ಅವಳು ಕ್ಷಮಿಸಿದಳು."

"ಯಾರು ಕ್ಷಮಿಸಿದ್ದು?" ಅತ್ತೆ ಕೇಳಿದಳು.

"ನೀನೇ ಅತ್ತೆ. ಅದು 'ನಾನು ಕ್ಷಮಿಸಿದೆ' ಅಂತ. ಎರಡಕ್ಕೂ ಅಕ್ಷರ ಒಂದೇ, ಮಷೀನ್ ತಪ್ಪು ಓದ್ತು. ಮೇಲೊಂದು ಚಿಹ್ನೆ ಹಾಕಿದ್ರೆ ಸರಿಹೋಗತ್ತೆ."

"ಚಿಹ್ನೆ ಹಾಕಿದ್ರೆ ನಾನು ಕ್ಷಮಿಸಿದ ಹಾಗಾಗತ್ತಾ?"

ಗುರುತು ಹಾಕುತ್ತಿದ್ದ ಪೆನ್ನು ಕೆಳಗಿಟ್ಟೆ.

"ನಿಂಗೆ ನಾನು ಹಾಗಂತ ಹೇಳಿದ್ನಾ?"

"ಇಲ್ಲ."

"ಮತ್ತೆ?"

ಅತ್ತೆ ಮೊಬೈಲನ್ನು ಮಗುಚಿಟ್ಟು ಎದ್ದು ಹೋದಳು. ಬಂದರಿನಲ್ಲಿ ಕಾಯುತ್ತ ಕೂತಿದ್ದೇನೆ, ಹಡಗು ನಾಲ್ಕೂವರೆಗೆ. ನನ್ನನ್ನು ಕಳಿಸಲು ಬಾಗಿಲಿಗೆ ಬರಲಿಲ್ಲ.

ಮಾರ್ಚ್ 5

ಅಪ್ಪ ಸಾವಿನ ಹಾಸಿಗೆಯಲ್ಲಿದ್ದ ಆ ದಿನ ನಾನು ಕೋಣೆಯ ಹೊರಗಿದ್ದೆ. ಅತ್ತೆ ಹೊರಬಂದಾಗ ಕಣ್ಣು ಒದ್ದೆಯಿತ್ತು. ಉಳಿದದ್ದನ್ನು ನಾನೇ ತುಂಬಿಕೊಂಡೆ. ಮೂರು ವರ್ಷ ಅವಳನ್ನು ಏನೆಲ್ಲ ಕೇಳಿದೆ… ಯಾವ ಮೀನಿಗೆ ಯಾವ ತಿಂಗಳು ಎನ್ನುವ ತನಕ. ಇದೊಂದನ್ನು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದಳು. ಅದಕ್ಕೇ ಕೇಳಲಿಲ್ಲ.

ಅಂಗಡಿಯಲ್ಲಿ ಯಾರೋ ಅಪರಿಚಿತರು ಬರೆದಿದ್ದಾರೆ: 'ಕೊನೆಯ ಕ್ಷಮೆ ಮನಸ್ಸು ತಟ್ಟಿತು.' ಐದು ನಕ್ಷತ್ರ.

ಮಾರ್ಚ್ 10, ಭಾನುವಾರ. ಹಡಗಿನಲ್ಲಿ, ವಾಪಸ್

ಇವತ್ತು ಕೇಳಿದೆ. ಅತ್ತೆ ಅಂಗಳದ ಕಟ್ಟೆಯ ಮೇಲೆ ಕೂತು ಹೇಳಿದಳು. ಹೇಳಿದ ಹಾಗೆಯೇ ಬರೆದಿಡುತ್ತೇನೆ.

"ಮೂರು ಸಲ ಕೇಳ್ದ. 'ಹಲ್ಲೂಮಾ, ಬಿಟ್ಟುಬಿಡೇ, ಕ್ಷಮಿಸಿಬಿಡೇ' ಅಂತ. ಬಾಯಿ ಒಣಗಿತ್ತು, ಹತ್ತೀನ ನೀರಲ್ಲಿ ಅದ್ದಿ ಒರೆಸ್ದೆ. ಆಮೇಲೆ ಹೇಳ್ದೆ, 'ಮುಖ್ತಾರ್, ಲುತ್ಫೀನ ಕರೀತೀನಿ. ಅವನೆದುರಿಗೆ ನನ್ನ ಪಾಲು ನಂಗೆ ಅಂತ ಒಂದು ಮಾತು ಹೇಳು. ಆಮೇಲೆ ನೀನು ಕೇಳೋದು ಬೇಡ, ನಾನೇ ಕ್ಷಮಿಸ್ತೀನಿ' ಅಂತ. ಗೋಡೆ ಕಡೆ ತಿರುಗಿಕೊಂಡ. ಅಷ್ಟೇ ಕಣೇ. ಅಷ್ಟಕ್ಕೆ ಅತ್ತಿದ್ದು ನಾನು."

ಕಟ್ಟೆಯಿಂದ ಏಳುತ್ತ ಅಂದಳು: "ನಿಮ್ಮಪ್ಪ ಕೆಟ್ಟೋನಲ್ಲ. ಅದನ್ನೂ ಬರಿ. ಆದ್ರೆ ಅವನಿಗೋಸ್ಕರ ನನ್ನ ಬಾಯಲ್ಲಿ ಸುಳ್ಳು ಹೇಳಿಸ್ಬೇಡ."

ಆ ಪಾಲು ಈಗ ಲುತ್ಫೀ ಹೆಸರಲ್ಲಿದೆ. ನನ್ನ ಹೆಸರಲ್ಲೂ. ಮಗನಿಗೆ ಎರಡು, ಮಗಳಿಗೆ ಒಂದು ಎನ್ನುವ ಲೆಕ್ಕದಲ್ಲಿ ಮೂರರಲ್ಲಿ ಒಂದು ಭಾಗ ನನ್ನದು. ಇಷ್ಟು ದಿನ ಅದು ನೆನಪೇ ಆಗಿರಲಿಲ್ಲ. ಅಥವಾ ಆಗಿತ್ತೋ.

ಮಾರ್ಚ್ 14. ರಮ್ಜಾನ್ ಮೂರನೆಯ ದಿನ

ಹೊಸ ಅಧ್ಯಾಯ ಬರೆದು ಮುಗಿಸಿದೆ. ಒಂದೂವರೆ ಪುಟ. ಹಳೆಯದು ಒಂಬತ್ತು ಪುಟವಿತ್ತು.

ಫೈಲಿಗೆ ಸೇರಿಸಿದೆ, ಮತ್ತೆ ಎಲ್ಲ ಅಸ್ತವ್ಯಸ್ತ. ಮೂವತ್ತನೆಯದು ಸರಿ, ಮೂವತ್ತೊಂದನೆಯದು ಚೌಕ ಚೌಕ ಡಬ್ಬಿ. ಸರಿಪಡಿಸಿ ಕಳಿಸಿದೆ. "ಪರಿಶೀಲನೆಯಲ್ಲಿದೆ." ಹಳೆಯದನ್ನು ಈಗಾಗಲೇ ಇಳಿಸಿಕೊಂಡವರಿಗೆ ಹಳೆಯದೇ ಉಳಿಯುತ್ತದಂತೆ. ಅವರ ಮೊಬೈಲುಗಳಲ್ಲಿ ಅತ್ತೆ ಕ್ಷಮಿಸುತ್ತಲೇ ಇರುತ್ತಾಳೆ. ಅದಕ್ಕೆ ನಾನು ಹಾಕಬಹುದಾದ ಸಾಲು ಯಾವುದೂ ಇಲ್ಲ.

ಲುತ್ಫೀಯನ್ನು ಉಪವಾಸ ಬಿಡುವ ಹೊತ್ತಿಗೆ ಮನೆಗೆ ಕರೆದೆ. ಸೂಪು ಮುಗಿದ ಮೇಲೆ ಹೊಸ ಅಧ್ಯಾಯದ ವಿಷಯ ಹೇಳಿದೆ.

"ಪುಸ್ತಕದಲ್ಲಿ ಅಪ್ಪನ್ನ ಕಳ್ಳ ಮಾಡ್ತೀಯಾ ಅಕ್ಕಾ?"

"ಕಳ್ಳ ಅಂತ ಬರೆದಿಲ್ಲ. ಗೋಡೆ ಕಡೆ ತಿರುಗಿದ ಅಂತ ಬರೆದಿದೀನಿ."

"ಊರವರಿಗೆ ಅಷ್ಟು ಸಾಕು. ನಾಳೆ ನಾನು ಬಂದರಲ್ಲಿ ಹೇಗೆ ಮುಖ ತೋರಿಸ್ಲಿ? ಆ ಪಾಲಲ್ಲಿ ನಿನ್ನದೂ ಇದೆ, ಮರೀಬೇಡ."

"ಮರೆತಿಲ್ಲ. ನನ್ನ ಭಾಗ ಅತ್ತೆಗೆ ಬರೆದುಕೊಡ್ತಿದೀನಿ. ಸೋಮವಾರ ಹೋಗ್ತೀನಿ."

ಶುಕ್ರೀ ಎದ್ದು ನೀರು ತರುವ ನೆಪದಲ್ಲಿ ಒಳಗೆ ಹೋದ. ಲುತ್ಫೀ ನನ್ನನ್ನೇ ನೋಡಿದ. ತಟ್ಟೆಯಲ್ಲಿ ಅರ್ಧ ತಿಂದ, ಮೊಟ್ಟೆ ತುಂಬಿ ಕರಿದ ಬ್ರೀಕ್ ಹಾಗೆಯೇ ಬಿಟ್ಟು ಹೊರಟ. ಮೊಟ್ಟೆ ಹರಿದು ಹಿಟ್ಟಿನ ಹಾಳೆಯೆಲ್ಲ ನೆನೆದಿತ್ತು.

ಮಾರ್ಚ್ 18, ಸೋಮವಾರ. ಬೆಳಗಿನ ಹಡಗು

ಶಾಲೆಗೆ ರಜೆ. ಸಂಚಿಯಲ್ಲಿ ಕಾಗದಪತ್ರ. ಹೊಸ ಪುಸ್ತಕ ಇನ್ನೂ 'ಪರಿಶೀಲನೆಯಲ್ಲಿದೆ'. ನಿನ್ನೆ ನಾಲ್ಕು ಸಲ ನೋಡಿದೆ. ಇವತ್ತು ನೋಡಬಾರದೆಂದು ಬಂದವಳು ಹಡಗು ಹತ್ತುವ ಮೊದಲೇ ಎರಡು ಸಲ ನೋಡಿದೆ.

ಮೆಟ್ಟಿಲು ಎಳೆಯುವ ಹೊತ್ತಿಗೆ ಯಾರೋ ಓಡಿ ಬಂದು ಹತ್ತಿದರು. ಲುತ್ಫೀ. ಕ್ಷೌರ ಮಾಡಿಕೊಂಡಿಲ್ಲ. ಕಂಕುಳಲ್ಲಿ ಪ್ಲಾಸ್ಟಿಕ್ ಕವರು. ನನ್ನ ಪಕ್ಕ ಒಂದು ಸೀಟು ಬಿಟ್ಟು ಕೂತ. ಹಡಗು ಬಂದರು ದಾಟಿತು. ಆಮೇಲೆ ಸಮುದ್ರದ ಕಡೆ ನೋಡುತ್ತಲೇ ಅಂದ:

"ಕಚೇರೀಲಿ ವಿಚಾರಿಸ್ದೆ. ಭಾಗ ಆಗಿಲ್ವಲ್ಲ… ಇಬ್ಬರ ಸಹಿಯೂ ಬೇಕಂತೆ."

"ಸಹಿಗೆ ಬಂದ್ಯಾ?"

"ಗೊತ್ತಿಲ್ಲ. ಮೊದಲು ಆ ಅಧ್ಯಾಯ ಕೊಡು."

ಮೊಬೈಲಿನಲ್ಲಿ ತೆಗೆದುಕೊಟ್ಟೆ. ಅಕ್ಷರ ದೊಡ್ಡದು ಮಾಡಿಕೊಂಡ. ಓದುತ್ತಿದ್ದಾನೆ. ತುಟಿ ಅಲುಗುತ್ತಿದೆ. ಅವನ ಮುಖ ನೋಡಲಾರದೆ ಇಲ್ಲಿ ಗೀಚುತ್ತಿದ್ದೇನೆ. ಎಂಜಿನ್ನಿನ ಅದುರಾಟಕ್ಕೆ ಬರಹ ವಕ್ರ. ಪುಟ ತಿರುಗಿಸಿದ — ಸರಿಯಾದ ಕಡೆಗೇ ತಿರುಗಿತು. ಇನ್ನು ಉಳಿದದ್ದು ಅರ್ಧ ಪುಟ.

ಓದಿ ಮುಗಿಸಿದ. ಮೊಬೈಲು ವಾಪಸ್ ಕೊಡುತ್ತಿಲ್ಲ. ಮತ್ತೆ ಮೊದಲಿನಿಂದ ಓದುತ್ತಿದ್ದಾನೆ… ಈಗ ಕವರು ಬಿಚ್ಚಿ, ಪಾಲಿನ ಕಾಗದ ಹೊರತೆಗೆದು, ನನ್ನ ಕೈಯಲ್ಲಿರುವ ಪೆನ್ನಿಗೆ ಕೈ ಚಾಚಿ