ಆಲೂಗಡ್ಡೆ ಸಲಾಡಿನ ಮೇಲೆ ಕೂರಿಸಿದ ಗೂಬೆ

ಮಾನ್ಯ ಕೌಂಟಿ ಆರೋಗ್ಯಾಧಿಕಾರಿಗಳೇ,

ನಮ್ಮೂರ ಅಗ್ನಿಶಾಮಕ ಸ್ವಯಂಸೇವಕರ ಔತಣದಲ್ಲಿ ಅರ್ಧ ಊರಿನ ಹೊಟ್ಟೆ ಕೆಟ್ಟಿದ್ದಕ್ಕೆ ನನ್ನ ಆಲೂಗಡ್ಡೆ ಸಲಾಡೇ ಕಾರಣವೆಂದು ತೀರ್ಮಾನಿಸಿ, ಇನ್ನು ಮುಂದೆ ಸಾರ್ವಜನಿಕ ಊಟಗಳಿಗೆ ನಾನು ಏನನ್ನೂ ತರಕೂಡದೆಂದು ಅಪ್ಪಣೆ ಹೊರಡಿಸಿದ್ದೀರಿ. ರೋಗಿಗಳಲ್ಲಿ ಸಿಕ್ಕಿದ್ದು ಸಾಲ್ಮೊನೆಲ್ಲಾ ಎಂಬ ರೋಗಾಣು, ಸಲಾಡಿನಲ್ಲಿದ್ದದ್ದು ಮೊಟ್ಟೆ. ಅಲ್ಲಿಗೆ ತನಿಖೆ ಮುಗಿಯಿತು. ನಮ್ಮ ಕೌಂಟಿಯಲ್ಲಿ ಇಷ್ಟು ಚುರುಕಾಗಿ ಒಂದು ರಸ್ತೆಗುಂಡಿಯನ್ನೂ ಯಾರೂ ಮುಚ್ಚಿಲ್ಲ. ಅಭಿನಂದನೆಗಳು.

ಅದೇ ಮೇಜಿನ ಮೇಲೆ ಹೋರಿಯ ಲಿವರ್ ಕೂಡ ಇತ್ತಲ್ಲ ಸ್ವಾಮಿ? ಅತ್ತ ತಮ್ಮ ಕಣ್ಣು ಹೊರಳಲಿಲ್ಲವೇಕೆ? ಟೆಕ್ಸಸ್ಸಿನ ಈ ಮೂಲೆಯಲ್ಲಿ ಊರಿಗಿಂತ ಹೋರಿ ಕೊಬ್ಬಿಸುವ ದೊಡ್ಡಿಯೇ ದೊಡ್ಡದು. ಹೊಟ್ಟೆನೋವು ಬಂದರೆ ಇಲ್ಲಿ ಮೊಟ್ಟೆಯನ್ನು ಬೈಯಬಹುದು, ನೀರನ್ನು ಬೈಯಬಹುದು, ಅತ್ತೆಯನ್ನೂ ಬೈಯಬಹುದು. ಬೀಫನ್ನು ಮಾತ್ರ ಬೈಯುವಂತಿಲ್ಲ.

ಹೋರಿಯನ್ನು ದಾನ ಕೊಟ್ಟವರು ದೊಡ್ಡಿಯವರು. ಕೊಯ್ದವನು ಅದೇ ದೊಡ್ಡಿಯಲ್ಲಿ ಕುದುರೆಯೇರಿ ಜಾನುವಾರು ನೋಡಿಕೊಳ್ಳುವ ನನ್ನ ಗಂಡ ರಾಯ್ಸ್. ಅಗ್ನಿಶಾಮಕ ಠಾಣೆಯ ಹಿತ್ತಲಲ್ಲಿ ಲಿವರ್ ಹೊರತೆಗೆದಾಗ ಅದರೊಳಗೆ ನಿಂಬೆಹಣ್ಣಿನಷ್ಟು ದಪ್ಪದ ಕೀವುಗಂಟು. ಬೇಗ ಮೈ ತುಂಬಲೆಂದು ಹುಲ್ಲು ಕಡಿಮೆ ಮಾಡಿ ಮೆಕ್ಕೆಜೋಳ ಸುರಿದರೆ ಹೋರಿಯ ಹೊಟ್ಟೆ ಹುಳಿಯಾಗಿ, ಹುಣ್ಣಾಗಿ, ರೋಗಾಣುಗಳು ಲಿವರಿಗೆ ಹೋಗಿ ಮನೆ ಮಾಡುತ್ತವೆ. ದೊಡ್ಡಿಯಲ್ಲಿ ಇದು ಎಲ್ಲರಿಗೂ ಗೊತ್ತಿರುವ ಸಂಗತಿ.

"ಬಿಸಾಕ್ರೋ ಅದನ್ನ," ಅಂದೆ.

"ಸುಮ್ನಿರೇ ಆರ್ಡಿತ್, ಗಂಟು ಕತ್ತರ್ಸಿದ್ರೆ ಆಯ್ತಪ್ಪ. ಮಿಕ್ಕಿದ್ದು ಬಂಗಾರ!" ಅಂದ ರಾಯ್ಸ್.

ಗಂಟು ಕತ್ತರಿಸಿದ, ಚಾಕುವನ್ನು ಜೀನ್ಸಿಗೆ ಒರೆಸಿದ, ಅದೇ ಚಾಕುವಿನಲ್ಲಿ ಉಳಿದದ್ದನ್ನೆಲ್ಲ ಹೋಳು ಮಾಡಿದ. ಬಾಣಲೆಯಲ್ಲಿ ಆ ಮಗ್ಗುಲು, ಈ ಮಗ್ಗುಲು, ಮುಗಿಯಿತು. ಒಳಗೆ ಕೆಂಪಗಿರದ ಲಿವರ್ ತಿನ್ನುವವನು ಗಂಡಸೇ ಅಲ್ಲ ಎಂಬುದು ನಮ್ಮವರ ಮತ.

ಇನ್ನು ನನ್ನ ಸಾಕ್ಷಿಗಳು. ಲಿವರ್ ಕಂಡರೆ ಮುಖ ಸಿಂಡರಿಸುವ ಪಾದ್ರಿ ಟ್ರೂಯೆಟ್ ಬರೀ ಸಲಾಡನ್ನೇ ಎರಡು ತಟ್ಟೆ ಹೊಡೆದರು. ಅವರಿಗೆ ಏನೂ ಆಗಲಿಲ್ಲ; ಭಾನುವಾರ ಖಾಲಿ ಬೆಂಚುಗಳಿಗೆ ಎಂದಿಗಿಂತ ಉದ್ದದ ಪ್ರವಚನ ಕೊಟ್ಟರು. ರಾಯ್ಸ್ ಮದುವೆಯಾದಂದಿನಿಂದ ನನ್ನ ಸಲಾಡ್ ಮುಟ್ಟಿಲ್ಲ. ಅವನಮ್ಮ ಅದಕ್ಕೆ ಸಾಸಿವೆ ಸಾಸ್ ಹಾಕುತ್ತಿದ್ದರಂತೆ, ನಾನು ಹಾಕುವುದಿಲ್ಲ. ಲಿವರ್ ತಿಂದ ಅವನು ಬಚ್ಚಲುಮನೆಯಿಂದ ಹೊರಗೇ ಬರಲಿಲ್ಲ.

"ಏನಪ್ಪಾ ಗಂಡಸೇ, ಬಂಗಾರ ಹೆಂಗಿತ್ತು?" ಎಂದು ಬಾಗಿಲಾಚೆಯಿಂದ ಕೇಳಿದೆ.

"ನಿನ್ ಸಲಾಡೇ ತಿನ್ಬೇಕಿತ್ತು ಕಣೇ," ಎಂದು ನರಳಿದ. ನನ್ನ ಅಡುಗೆಗೆ ಅವನಿಂದ ಸಿಕ್ಕ ಮೊದಲ ಹೊಗಳಿಕೆ ಅದು.

ನಗುತ್ತಲೇ ಬರೆಯುತ್ತಿದ್ದೇನೆ, ಆದರೆ ನೋವಾಗಿದೆ. ನಾನು ಸಲಾಡ್ ತುಂಬಿ ಒಯ್ಯುವ ಅಮ್ಮನ ನೀಲಿ ಬೋಗುಣಿಯಿಲ್ಲದ ಔತಣವನ್ನು ನಾನು ಕಂಡಿಲ್ಲ. ಈಗ ಅಂಗಡಿಯಲ್ಲಿ ಮೊಟ್ಟೆಗೆ ಕೈ ಹಾಕಿದರೆ ಪಕ್ಕದವರು ನನ್ನನ್ನು ನೋಡಿ ಸರಿದು ನಿಲ್ಲುತ್ತಾರೆ.

ಆದ್ದರಿಂದ ಆ ಅಪ್ಪಣೆಯನ್ನು ಹಿಂತೆಗೆದುಕೊಳ್ಳಿ. ಕೀವುಗಂಟು ಕಂಡ ಲಿವರನ್ನು ಇಡಿಯಾಗಿ ಎಸೆಯಬೇಕು, ಒಳ್ಳೆಯದನ್ನೂ ಪೂರ್ತಿ ಬೇಯಿಸಬೇಕು ಎಂದು ಠಾಣೆಯ ಗಂಡಸರಿಗೆ ತಿಳಿಸಿ. ಹೋರಿಗಳಿಗೆ ಇನ್ನಷ್ಟು ಹುಲ್ಲು ಹಾಕಲು ದೊಡ್ಡಿಯವರಿಗೂ ಧೈರ್ಯವಾಗಿ ಹೇಳಿ. ಆಮೇಲೆ ಮುಂದಿನ ಔತಣಕ್ಕೆ ಬಂದು, ಎಲ್ಲರೆದುರು ನನ್ನ ಬೋಗುಣಿಗೆ ಮೊದಲ ಚಮಚ ತಾವೇ ಹಾಕಬೇಕು. ಎರಡನೆಯದು ರಾಯ್ಸ್‌ನದು. ಸಾಸಿವೆ ಬಾಟಲಿಯನ್ನು ಅವನೇ ತರುತ್ತಾನಂತೆ.

ಇಂತಿ,
ಹೋರಿಯ ತಪ್ಪಿಗೆ ಶಿಕ್ಷೆ ಅನುಭವಿಸುತ್ತಿರುವ,
ಆರ್ಡಿತ್ ಪೂಲ್