ಸ್ಪೇಸ್ ಒತ್ತಿ ಹೊಂದಿಸಿದ ಪುಟ

ಹೊಳೆಯಂಚಿನ ವಸತಿ,
ಮುಚ್ಚುಗಾಲದ ನಂತರದ ನೂರಾ ನಾಲ್ಕನೆಯ ವರ್ಷ, ಹದಿಮೂರನೆಯ ತಿಂಗಳು

ಕಂಪ್ಯೂಟರಿನಲ್ಲಿ ಪುಟ ಕಟ್ಟುವ ಹಿರಿಯರಿಗೆ,

ಹದಿಮೂರನೆಯ ತಿಂಗಳೆಂದರೆ ಹುಬ್ಬೇರಿಸಬೇಡಿ. ನಮ್ಮಲ್ಲಿ ಅಧಿಕಮಾಸ ಪ್ರತಿ ವರ್ಷವೂ ಬರುತ್ತದೆ. ನನ್ನ ಮಾತು ವಿಚಿತ್ರವಾಗಿಯೋ ಒರಟಾಗಿಯೋ ಕಂಡರೆ ಕ್ಷಮಿಸಿ. ನಯವಾಗಿ ಬರೆಯುವ ಮನಸ್ಸು ನನಗಿಲ್ಲ.

ನಾನು ಈ ವಸತಿಯ ಪುಟಗಿತ್ತಿ. ನಿಮ್ಮ ಕಾಲದ ಕಡತಗಳನ್ನು ತೆರೆದು, ಸರಿಪಡಿಸಿ, ಅಚ್ಚು ಹಾಕುವವಳನ್ನು ನಮ್ಮಲ್ಲಿ ಹಾಗೆನ್ನುತ್ತಾರೆ. ಮುಚ್ಚುಗಾಲದಲ್ಲಿ ಜಾಲಗಳೆಲ್ಲ ನಿಂತುಹೋದ ಮೇಲೆ ಉಳಿದದ್ದು ಆ ಕಡತಗಳಷ್ಟೇ. ಹೊಲಿಗೆ, ಹೆರಿಗೆ, ಪಂಪಿನ ರಿಪೇರಿ, ಎಲ್ಲವನ್ನೂ ಅವುಗಳಿಂದಲೇ ಕಲಿಯುತ್ತೇವೆ. ಕಾಗದ ಸಿಗುವುದು ಕಷ್ಟವಾದ್ದರಿಂದ ಮನೆಗೊಂದೇ ಹಾಳೆ. ಜನ ಅದನ್ನು ದೇವರ ಪಟದ ಪಕ್ಕ ಅಂಟಿಸಿಕೊಳ್ಳುತ್ತಾರೆ.

ಹೋದ ಚಳಿಗಾಲ ಮಕ್ಕಳಿಗೆಲ್ಲ ಜ್ವರ ಹಬ್ಬಿತು. ಆಗಿನ ಪುಟಗಾರ ಕರಿಬಸಜ್ಜ ನಿಮ್ಮ ಕಾಲದ ಔಷಧದ ಪುಟವೊಂದನ್ನು ಅಚ್ಚು ಹಾಕಿ ಹಂಚಿದ. ಅದನ್ನು ಕಟ್ಟಿದ ಪುಣ್ಯಾತ್ಮರು ಕೋಷ್ಟಕ ಹಾಕಿರಲಿಲ್ಲ. ಎಡಕ್ಕೆ ವಯಸ್ಸು ಟೈಪಿಸಿ, ಸ್ಪೇಸ್ ಒತ್ತಿ ಒತ್ತಿ ಬಲಕ್ಕೆ ಅಳತೆ ಕೂರಿಸಿದ್ದರು. ಅವರ ತೆರೆಯ ಮೇಲೆ ಸೊಗಸಾಗಿಯೇ ಕಂಡಿರಬೇಕು. ನಮ್ಮ ಯಂತ್ರದಲ್ಲಿ ಆ ಫಾಂಟ್ ಇರಲಿಲ್ಲ. ಬೇರೆ ಫಾಂಟಿನಲ್ಲಿ ಅಕ್ಷರಗಳು ಅಗಲವಾಗಿ, ದೊಡ್ಡವರ ಅಳತೆ ಕೆಳಗಿನ ಸಾಲಿಗೆ ಜಾರಿ, ‘ಮಕ್ಕಳಿಗೆ’ ಎಂಬ ಮಾತಿನ ತಲೆಯ ಮೇಲೆ ಕೂತಿತು; ಓದಿದವರೆಲ್ಲ ಅದನ್ನೇ ಮಕ್ಕಳ ಅಳತೆ ಎಂದುಕೊಂಡರು. ಮಕ್ಕಳ ಅಳತೆ ಎರಡನೆಯ ಪುಟಕ್ಕೆ ಹೋಯಿತು, ಆ ಪುಟ ಅಚ್ಚಾಗಲೇ ಇಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆ ನಿಮ್ಮದೇ ಅಲ್ಲವೆ?

ಇಷ್ಟೊಂದು ಕುಡಿಸಬೇಕೇ ಎಂದು ಅವ್ವನನ್ನು ಕೇಳಿದ್ದೆ. “ಅಚ್ಚಾದ ಹಾಳಿ ಸುಳ್ಳು ಹೇಳತೈತೇನ? ಹಿರೇರು ಬರದದ್ದು, ಸುಮ್ನಿರು,” ಅಂದಳು. ತಂಗಿ ಮಿಂಚವ್ವ ಮುಖ ಸಿಂಡರಿಸಿಕೊಂಡು ಕುಡಿದಳು. ಸಂಜೆಯ ಹೊತ್ತಿಗೆ ಅವಳಿರಲಿಲ್ಲ.

ಜ್ವರಕ್ಕೆ ಹೋದಳೆಂದೇ ಎಲ್ಲರೂ ನಂಬಿದ್ದಾರೆ. ಎರಡನೆಯ ಪುಟವನ್ನು ನೋಡಿದವಳು ನಾನೊಬ್ಬಳೇ, ಅದೂ ಕರಿಬಸಜ್ಜ ಕಣ್ಣು ಮಂಜಾಗಿ ಈ ಕೆಲಸವನ್ನು ನನಗೆ ಬಿಟ್ಟುಕೊಟ್ಟ ಮೇಲೆ. ನಿಮ್ಮ ಮೇಲೆ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಕೋಷ್ಟಕ ಹಾಕಿ. ಫಾಂಟನ್ನು ಕಡತದೊಳಗೇ ಸೇರಿಸಿ. ಅಚ್ಚಿಗೆ ಮೊದಲು ಮುನ್ನೋಟ ನೋಡಿ, ಬೇರೆ ಯಂತ್ರದಲ್ಲೂ ಒಮ್ಮೆ ತೆರೆಯಿರಿ. ‘ನಮ್ಮ ಸಿಸ್ಟಮ್‌ನಲ್ಲಿ ಸರಿಯಾಗೇ ಕಾಣ್ತದಲ್ಲ’ ಎಂದು ಎದ್ದು ಹೋಗಬೇಡಿ. ಇಷ್ಟು ಮಾಡಲು ನಿಮಗೆ ಒಂದು ಲೋಟ ಚಹಾ ಕುಡಿಯುವಷ್ಟು ಹೊತ್ತೂ ಹಿಡಿಯದು.

ತಿದ್ದಿದ ಹಾಳೆಯನ್ನು ಕಾರಣ ಹೇಳದೆ ಬೇರೆ ಮನೆಗಳಿಗೆಲ್ಲ ಕೊಟ್ಟು, ಹಳೆಯದನ್ನು ಕಿತ್ತು ತಂದೆ. ನಮ್ಮ ಮನೆಯದನ್ನು ಮಾತ್ರ ಕೀಳಲು ಕೈ ಬರುತ್ತಿಲ್ಲ, ಕಿತ್ತರೆ ಯಾಕೆಂದು ಅವ್ವ ಕೇಳುತ್ತಾಳೆ. ಅವಳು ದಿನಾ ಬೆಳಿಗ್ಗೆ ದೇವರ ಪಟಕ್ಕೆ ಕುಂಕುಮ ಇಟ್ಟು, ಉಳಿದದ್ದನ್ನು ಆ ಹಾಳೆಗೂ ಇಡುತ್ತಾಳೆ.

ಇಂತಿ,
ಹೊನ್ನೂರವ್ವ